ಹುಂಜ ಮೊಬೈಲಿಗೆ ಕಲಿಸಿದ ವಾರ

"ರೀ, ಇವತ್ತು ಯಾವ ವಾರ?" ಹುಂಜ ಕೆಂಚಪ್ಪನಿಗೆ ಹೆಂಡತಿ ಹೇಳಿದ ಕೊನೇ ಮಾತು ಅದೇ. ಸೋಮವಾರ ರಾತ್ರಿ ಕಳೆದು ಬೆಳಕು ಹರಿಯುವ ಮೊದಲೇ ಅವಳು ಕಣ್ಣು ಮುಚ್ಚಿದಳು. ಪ್ರತಿ ವಾರ ಅವಳು ಹೋದ ದಿನ ಅವಳ ಹೆಸರಲ್ಲಿ ನಾಲ್ಕು ಕಾಳು ಎತ್ತಿಡಬೇಕು ಅಂತ ಅವನ ಆಸೆ.

"ಹಾಗಾದರೆ ಮಂಗಳವಾರ ಇಡಿ" ಎಂದಿತು ಕಿಟಕಿಯಲ್ಲಿದ್ದ ಮೊಬೈಲು. "ಸೋಮವಾರ ನಡುರಾತ್ರಿಗೇ ಮುಗಿದಿತ್ತು."

"ಯಾವ ಊರಿನ ಲೆಕ್ಕವಯ್ಯ ನಿಂದು? ಇಲ್ಲಿ ಸೂರ್ಯ ಹುಟ್ಟಿದ ಮೇಲೇ ವಾರ ಬದಲಾಗೋದು. ಅವಳು ಹೋದದ್ದು ಸೋಮವಾರ."

"ನನ್ನೊಳಗೆ ಎಲ್ಲ ಊರಿಗೂ ಒಂದೇ ಲೆಕ್ಕ ತುಂಬಿ ಕಳಿಸಿದ್ದಾರೆ, ಕೆಂಚಪ್ಪನವರೇ. ನಿಮ್ಮೂರಿನದನ್ನೂ ಸೇರಿಸ್ಕೋತೀನಿ. ನಿಮ್ಮ ಹೆಂಡತಿ ಹೋದದ್ದು ಸೋಮವಾರವೇ. ಆದರೆ ಸೂರ್ಯ ಹುಟ್ಟಿದ್ದು ನನಗೆ ತಿಳಿಯೋದು ಹೇಗೆ? ನನ್ನ ಮುಖ ಗೋಡೆ ಕಡೆಗಿದೆ."

"ಅಷ್ಟೇನಾ?" ಎಂದ ಕೆಂಚಪ್ಪ.

ಮರುದಿನ ಬೆಳಿಗ್ಗೆ ಅವನು ಕಿಟಕಿ ಹತ್ತಿ ನಿಂತು, ಅವಳು ಹೋದ ಮೇಲೆ ಮೊದಲ ಸಲ, ಮೊಬೈಲು ಗಡಗಡ ನಡುಗುವ ಹಾಗೆ ಕೂಗಿದ.