ಕಣಗಿಲೆ ಪಾಯಸ

ಕಣ್ಣು ಮುಚ್ಕೊ, ಹೇಳ್ತೀನಿ. ನಡುವೆ ಬಾಯಿ ಹಾಕಿದ್ರೆ ನಿಲ್ಲಿಸಿಬಿಡ್ತೀನಿ ನೋಡು.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಹಿಂದೆ, ಒಂದೂರಲ್ಲಿ ದೇವೀರಮ್ಮ ಅಂತ ಹೂವು ಮಾರೋಳು ಇದ್ಳಂತೆ. ಗಂಡ ಇಲ್ಲ. ಇರೋಳು ಒಬ್ಬಳೇ ಮಗಳು, ಸಿಂಗಾರಿ. ಇವಳಿಗೊಂದು ಮದುವೆ ಆಗಿಬಿಟ್ರೆ ಸಾಕಪ್ಪಾ ಅಂತ ತಾಯಿಗೆ ಅದೇ ಚಿಂತೆ. ಎರಡು ಸಂಬಂಧ ಬಂದು ತಪ್ಪಿಹೋಗಿತ್ತಂತೆ. ಮೂರನೇದು ಬಂತು. ಗಂಡಿನ ತಾಯಿ, ಹೂವಿನೋರ ಮನೆ ಅಲ್ವಾ, ಹುಡುಗಿ ಹೂವಿನ ಅಡುಗೇನೇ ಮಾಡಿ ಬಡಿಸ್ಲಿ, ಮೂರು ಬಗೆ ಆಗ್ಲಿ, ಅಂತ ಹೇಳಿ ಕಳಿಸಿದ್ಳಂತೆ.

ಆಮೇಲೆ ಸಿಂಗಾರಿ ಕುಂಬಳದ ಹೂವು ಬಿಡಿಸಿ, ಇರುವೆ ಕೊಡವಿ, ಬಜ್ಜಿ ಕರಿದ್ಳಂತೆ. ಅಗಸೆ ಹೂವಿನ ಒಳಗಿನ ಕಹಿ ಕಡ್ಡಿ ಕಿತ್ತು ಪಲ್ಯ ಮಾಡಿದ್ಳಂತೆ. ಎರಡೂ ತಾಯಿ ಹೇಳಿಕೊಟ್ಟಿದ್ದು. ಮೂರನೇದು ಪಾಯಸ. ನೋಡೋಕೆ ಚೆಂದ ಇರ್ಲಿ ಅಂತ ಪೂಜೆ ಬುಟ್ಟಿಯಿಂದ ಕೆಂಪು ಕಣಗಿಲೆ ತಗೊಂಡು, ಎಸಳು ಬಿಡಿಸಿ, ಹಾಕಿ ಕುದಿಸಿಬಿಟ್ಳಂತೆ. ಶಿವನ ತಲೆ ಮೇಲೆ ಇಡೋ ಹೂವು ನಮ್ಮ ಹೊಟ್ಟೆಗೇನು ಮಾಡುತ್ತೆ ಅಂದ್ಕೊಂಡ್ಳು, ಪೆದ್ದಿ! ಕಣಗಿಲೆ ಅಂದ್ರೆ ವಿಷ ಕಣೇ. ಎಲೆ, ಹೂವು, ಬೇರು, ಎಲ್ಲಾ ವಿಷ. ನೆಂಟರು ಉಣ್ಣೋಕೆ ಮುಂಚೆ ಮನೆಯೋರು ರುಚಿ ನೋಡಬಾರದಲ್ಲ, ಹಾಗಾಗಿ ಯಾರೂ ನೋಡ್ಲಿಲ್ಲ.

ನೆಂಟರು ಎಲೆ ಮುಂದೆ ಕೂತು, ಬಜ್ಜಿ ಪಲ್ಯ ತಿಂದು ಹೊಗಳ್ತಿದಾರೆ. ದೇವೀರಮ್ಮ ಬಡಿಸೋಣ ಅಂತ ಪಾಯಸದ ಪಾತ್ರೆ ಎತ್ತಿದ್ಳು, ಕೆಂಪೆಸಳು ಕಾಣಿಸ್ತು. ಅಯ್ಯೋ ಶಿವನೇ, ಕಣಗಿಲೆ! ಬಾಯಿಬಿಟ್ರೆ ನೆಂಟರಿಗೆ ವಿಷ ಇಕ್ಕಿದೋಳು ಅಂತ ಮಗಳಿಗೆ ಹೆಸರು ಬರುತ್ತೆ, ಇನ್ಯಾರೂ ಕಟ್ಕೊಳ್ಳಲ್ಲ. ಸುಮ್ನಿದ್ರೆ ಇವರ ಜೀವ ಹೋಗುತ್ತೆ. ಆಮೇಲೆ ಏನು ಮಾಡಿದ್ಳು ಗೊತ್ತಾ, ಕೂದಲು ಬಿಚ್ಚಿಹಾಕಿ, ಹೋ ಅಂತ ಕಿರುಚಿ, ಪಾತ್ರೇನ ಅಂಗಳಕ್ಕೆ ಎಸೆದು, ಹುಚ್ಚು ಹಿಡಿದೋಳ ಥರ ಕುಣಿದ್ಳಂತೆ. ನೆಂಟರು ಹೆದರಿ ಅರ್ಧ ಊಟಕ್ಕೇ ಎದ್ದು ಹೋದ್ರು.

ಚೆಲ್ಲಿದ್ದನ್ನ ನೆಕ್ಕಿದ ಕರು ಸಂಜೆ ಹೊತ್ತಿಗೆ ಸತ್ತುಬಿದ್ದಿತ್ತಂತೆ. ಆಗ ಸಿಂಗಾರಿಗೆ ತಿಳೀತು. ಅಮ್ಮನ ಕಾಲು ಹಿಡ್ಕೊಂಡು ಗೋಳೋ ಅಂತ ಅತ್ತಳಂತೆ.

ಮೂರು ದಿನಕ್ಕೆ ಗಂಡಿನ ಕಡೆಯಿಂದ ಮಾತು ಬಂತು. ಹುಡುಗಿ ಪಾಪ ಒಳ್ಳೆಯವಳು, ಕೈರುಚೀನೂ ಇದೆ, ತಂದ್ಕೋತೀವಿ, ಆದ್ರೆ ಆ ಹುಚ್ಚಿ ನಮ್ಮ ಹೊಸ್ತಿಲು ತುಳೀಬಾರದು ಅಂತ. ನಾನು ಹೋಗಿ ನಿಜ ಹೇಳ್ತೀನಿ ಅಂದ್ಳಂತೆ ಸಿಂಗಾರಿ. ಬಾಯಿ ಮುಚ್ಕೊಂಡು ತಾಳಿ ಕಟ್ಟಿಸ್ಕೊ ಅಂದ್ಳಂತೆ ತಾಯಿ.

ಆಯ್ತು, ಮದುವೆ ಆಯ್ತು. ಸಿಂಗಾರಿ ಮೂರು ಮಕ್ಕಳು ಹೆತ್ತು ಚೆನ್ನಾಗೇ ಬಾಳಿದ್ಳಂತೆ. ಬಾಣಂತನಕ್ಕೂ ತಾಯಿ ಮನೆಗೆ ಕಳಿಸ್ಲಿಲ್ಲವಂತೆ, ಕಟುಕರು! ದೇವೀರಮ್ಮಂಗೆ ಮೊಮ್ಮಕ್ಕಳ ಮುಖ ನೋಡಬೇಕು ಅನ್ನಿಸಿದ್ರೆ ಅಳಿಯನ ಊರ ಬಾವಿ ಹತ್ರ ಬುಟ್ಟಿ ಇಟ್ಕೊಂಡು ಕೂರೋಳಂತೆ. ಆ ಮಕ್ಕಳು ಬಂದು, ಏ ಹುಚ್ಚಜ್ಜಿ, ಒಂದು ಹೂವು ಕೊಡು ಅನ್ನೋರಂತೆ. ಕೊಡೋಳಂತೆ.

ಅಷ್ಟೇ ಕಣೇ, ಕತೆ ಮುಗಿದೋಯ್ತು. ಅಳಬೇಡ, ಮಲಕ್ಕೊ.