ಎರಡು ತುಂಡು ಕೊಬ್ಬು

ಭೀಮಾ ಹೊಳೆಯ ದಂಡೆಗೆ ಒಂದು ದರ್ಗಾ. ಗುರುವಾರ ಅಲ್ಲಿಗೆ ಬಂದವರಿಗೆಲ್ಲ ಊಟ. ಅಡುಗೆ ಮೌಲಾಲಿ ಉಸ್ತಾದರದು.

ಏಳು ವರ್ಷ ಅವರ ಕೈಕೆಳಗೆ ಉಳ್ಳಾಗಡ್ಡಿ ಹೆಚ್ಚಿದ ಶಿಷ್ಯ ದಸ್ತಗೀರ ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ.

"ಉಸ್ತಾದ್, ಹಂಡೆ ನನ್ನ ಕೈಗೆ ಯಾವಾಗ ಕೊಡ್ತೀರಿ?"

"ಈ ಗುರುವಾರ ನೀನೇ ಮಾಡು. ಎಲ್ಲಾರೂ ಹೊಟ್ಟಿ ತುಂಬ ಉಂಡ್ರ ಹಂಡೆ ನಿಂದು. ಇಲ್ಲಾಂದ್ರ ಮತ್ತ ಉಳ್ಳಾಗಡ್ಡಿ."

ಉಸ್ತಾದರು ಯಾವಾಗಲೂ ತರುತ್ತಿದ್ದದ್ದು ದನದ ಮೊಣಕಾಲ ಕೆಳಗಿನ ನಾರುನಾರು ಮಾಂಸ. ದಸ್ತಗೀರನಿಗೆ ಅದು ಬಡತನದ ಅಡುಗೆ ಅನ್ನಿಸುತ್ತಿತ್ತು. ಅವನು ಬೆನ್ನಿನ ಮೆತ್ತನೆಯ ಮಾಂಸ ತಂದ. ಜೊತೆಗೆ ಮೂತ್ರಪಿಂಡದ ಸುತ್ತಲಿನ ಬಿಳಿ ಕೊಬ್ಬು, ಕೈತುಂಬ.

ಹಂಡೆಯ ಮೇಲೆ ಜಿಡ್ಡು ಬಂಗಾರದ ಹಾಗೆ ತೇಲಿತು. ದಸ್ತಗೀರ ಸೌಟಿನಲ್ಲೇ ರುಚಿ ನೋಡಿ ಕಣ್ಣು ಮುಚ್ಚಿದ.

ಮೊದಲ ಪಂಕ್ತಿಯವರು ಬೆರಳು ನೆಕ್ಕಿದರು. "ಮೌಲಾಲಿ, ಇನ್ನ ನೀ ಮನ್ಯಾಗ ಮಲಕ್ಕೊ!" ಎಂದು ಒಬ್ಬ ಫಕೀರ ನಗೆಯಾಡಿದ.

ಉಸ್ತಾದರು ಎಂದಿನಂತೆ ಕೊನೆಗೆ, ಪಾತ್ರೆ ತೊಳೆಯುವ ಹೆಂಗಸರ ಜೊತೆ ಕೂತರು. ಚಳಿಗಾಲ. ಹೊಳೆಗಾಳಿ. ಸಾರಿನ ಮೇಲೆ ಮೇಣದಂಥ ಪೊರೆ ಕಟ್ಟಿತ್ತು.

ಮುದುಕಿ ಹುಸೇನಬಿ ಒಂದು ತುತ್ತು ಉಂಡಳು. ಅಂಗುಳಕ್ಕೆ ಅಂಟಿದ್ದನ್ನು ಬೆರಳಿನಿಂದ ಕೆರೆದಳು. ತಟ್ಟೆ ಸರಿಸಿ ಬರೀ ರೊಟ್ಟಿ ಮುರಿದಳು.

ದಸ್ತಗೀರನ ಮುಖ ಇಳಿಯಿತು. "ಬಿಸಿ ಮಾಡಿ ಕೊಡ್ಲೇನ್ರಿ?"

"ಎಷ್ಟು ಸಲ ಮಾಡ್ತಿ?" ಎಂದು ಉಸ್ತಾದರು ಎದ್ದು ಕಸಾಯಿಯ ಅಂಗಡಿಗೆ ಹೋದರು. ಎರಡು ತುಂಡು ಹಸಿ ಕೊಬ್ಬು ತಂದು ಶಿಷ್ಯನ ಎರಡು ಅಂಗೈಗೆ ಇಟ್ಟರು. ಒಂದು ಮೂತ್ರಪಿಂಡದ್ದು, ಒಂದು ಕಾಲಿನದು.

"ಮುಷ್ಟಿ ಹಿಡಿ."

ಸ್ವಲ್ಪ ಹೊತ್ತಿಗೆ ಕಾಲಿನ ಕೊಬ್ಬಿದ್ದ ಮುಷ್ಟಿಯ ಬೆರಳ ಸಂದಿಯಿಂದ ಜಿಡ್ಡು ಜಿನುಗಿತು. ಇನ್ನೊಂದು ಮುಷ್ಟಿಯಲ್ಲಿ ಮೂತ್ರಪಿಂಡದ ಕೊಬ್ಬು ಹಾಗೇ ಇತ್ತು, ಗಟ್ಟಿಯಾಗಿ.

"ಒಂದೇ ದನ. ತಿಂದದ್ದೂ ಒಂದೇ ಮೇವು. ಯಾಕ ಹಿಂಗ, ಉಸ್ತಾದ್?"

"ಇದು ಹೊಟ್ಟಿ ಒಳಗ ಬೆಚ್ಚಗ ಕುಂತಿತ್ತು. ಅದು ಥಂಡ್ಯಾಗ, ಕೆಸರಾಗ ನಡದೈತಿ. ಥಂಡಿಗೆ ಗಟ್ಟಿ ಆಗೂದಿಲ್ಲ."

ದಸ್ತಗೀರ ಕೈ ಒರೆಸಿಕೊಂಡ.

"ಆದ್ರ ನಾ ರುಚಿ ನೋಡಿದ್ನಲ್ರಿ. ಭಾಳ ಚಲೋ ಇತ್ತು."

"ಇತ್ತಲ್ಲ. ಒಲಿ ಮುಂದ."

"ಅಂದ್ರ ನಾ ಮತ್ತ ಉಳ್ಳಾಗಡ್ಡಿಗೇ ಏನ್ರಿ?"

"ಮುಂದಿನ ಗುರುವಾರನೂ ನೀನೇ ಮಾಡು," ಎಂದರು ಉಸ್ತಾದರು. "ರುಚಿ ಮಾತ್ರ, ಹುಸೇನಬಿ ಉಂಡ ಮ್ಯಾಲೆ ನೋಡು."