ಬಲ ಹೆಗಲಿನ ಪದರ

“ಗುರುಗಳೇ, ನಾನು ಹೋಗಿ ಮಗನನ್ನು ಕರೆದುಕೊಂಡು ಬಂದುಬಿಡಲೇ?” ಎಂದು ಶಿಷ್ಯ ಕೇಳಿದ.

ಅವನ ಮಗ ಸೈನ್ಯದ ಅಕಾಡೆಮಿಗೆ ಸೇರಿ ಕೆಲವೇ ತಿಂಗಳಾಗಿತ್ತು. ಭಾನುವಾರ ಫೋನಿನಲ್ಲಿ ಆಡುವ ಮಾತು ವಾರದಿಂದ ವಾರಕ್ಕೆ ಚಿಕ್ಕದಾಗುತ್ತಿತ್ತು. ಬಾ ಎಂದು ಮಗ ಕರೆದಿರಲಿಲ್ಲ. ಆದರೂ ತಂದೆ ಮನೆಯಲ್ಲಿದ್ದ ಮಗನ ಬಟ್ಟೆಗಳನ್ನು ಒಂದು ಚೀಲಕ್ಕೆ ತುಂಬಿ, ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಗುರುವಿನ ಎದುರು ಕುಳಿತಿದ್ದ.

ಗುರು ಮಠ ಕಟ್ಟಿದವನಲ್ಲ. ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯ ಬೆಂಚೇ ಅವನ ಪೀಠ. ಊರಿನ ಅರ್ಧ ಜನ ಅವನನ್ನು ಗುರು ಎಂದು ಕರೆಯುತ್ತಿದ್ದುದು ತಮಾಷೆಗೆ. ಉಳಿದರ್ಧ ಜನ ಕಷ್ಟ ಬಂದಾಗ ಕರೆಯುತ್ತಿದ್ದರು.

“ಈ ಪ್ರಶ್ನೆಗೆ ಉತ್ತರ ಹೇಳಲು ನನಗಿಂತ ಯೋಗ್ಯನಾದವನು ಈ ಭೂಮಿಯ ಮೇಲಿಲ್ಲ,” ಎಂದ ಗುರು. “ನಿನ್ನ ಮಗ ಇರುವ ಅಕಾಡೆಮಿಯಲ್ಲಿ ಹತ್ತು ವರ್ಷ ಕುದುರೆ ಸವಾರಿ ಕಲಿಸಿದವನು ನಾನು. ಈಗ ದೊಡ್ಡ ದೊಡ್ಡ ಪದವಿಯಲ್ಲಿರುವವರೆಲ್ಲ ಆಗ ನನ್ನ ಮುಂದೆ ಕುದುರೆಯಿಂದ ಬಿದ್ದು, ತಪ್ಪಾಯಿತು ಗುರುಗಳೇ ಅನ್ನುತ್ತಿದ್ದರು.”

ಶಿಷ್ಯ ಕಣ್ಣು ಬಿಟ್ಟುಕೊಂಡು ನೋಡಿದ.

“ಸುಳ್ಳು,” ಎಂದ ಗುರು. “ನಾನು ಕುದುರೆ ಹತ್ತಿದ್ದು ಒಂದೇ ಸಲ, ಮದುವೆಯ ಮೆರವಣಿಗೆಯಲ್ಲಿ. ಅದೂ ಬೇರೆಯವನ ಮದುವೆ. ಆದರೆ ಒಬ್ಬ ದರ್ಜಿಯ ಕತೆ ಗೊತ್ತು. ಅದು ನಿಜ. ಕಡೇ ಪಕ್ಷ ನಾನು ಹೇಳಿ ಮುಗಿಸುವ ತನಕ ನಿಜ. ನಿನ್ನ ಬಸ್ಸು ಬರುವುದಕ್ಕೆ ಇನ್ನೂ ಹೊತ್ತಿದೆ. ಕೇಳು.”

ಹೀಗೆ ಹೇಳಿ ಗುರು ಕತೆ ಶುರುಮಾಡಿದ.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಬಟ್ಟೆ ಹೊಲಿಯುವವನಿಗೆ ಊರಿನವರ ಮೈಯ ಗುಟ್ಟೆಲ್ಲ ಗೊತ್ತಿರುತ್ತದೆ. ಯಾರ ಬೆನ್ನು ಬಾಗಿದೆ, ಯಾರ ತೋಳು ಗಿಡ್ಡ, ಯಾರ ಹೊಟ್ಟೆ ಕಳೆದ ಹಬ್ಬದಿಂದ ಈಚೆಗೆ ಮುಂದೆ ಬಂದಿದೆ, ಎಲ್ಲವೂ ಗೊತ್ತು. ಅಳತೆ ತೆಗೆಯುವಾಗ ದರ್ಜಿ ಅದನ್ನು ಕಾಣುತ್ತಾನೆ. ಹೊಲಿಯುವಾಗ ಮುಚ್ಚುತ್ತಾನೆ. ಒಂದು ಹೆಗಲು ಇಳಿದಿದ್ದರೆ ಆ ಕಡೆ ಒಳಗೆ ತುಂಡು ಬಟ್ಟೆಯ ಪದರ ಇಟ್ಟು ಹೊಲಿಯುತ್ತಾನೆ. ತೊಟ್ಟವನು ಕನ್ನಡಿಯಲ್ಲಿ ನೋಡಿಕೊಂಡು, ನಾನು ನೆಟ್ಟಗಿದ್ದೇನೆ ಎಂದುಕೊಂಡು ಮನೆಗೆ ಹೋಗುತ್ತಾನೆ. ಒಳಗೆ ಪದರ ಇರುವುದನ್ನು ದರ್ಜಿ ಯಾರಿಗೂ ಹೇಳುವುದಿಲ್ಲ. ತೊಟ್ಟವನಿಗೂ ಹೇಳುವುದಿಲ್ಲ. ಅದು ಆ ಕಸುಬಿನ ಕಟ್ಟಳೆ.

ಈ ದರ್ಜಿಯ ಕೈ ಎಷ್ಟು ಚೆನ್ನಾಗಿತ್ತೆಂದರೆ ಅವನ ಬಟ್ಟೆ ತೊಟ್ಟವರೆಲ್ಲ ನೆಟ್ಟಗೆ ಕಾಣುತ್ತಿದ್ದರು. ತನ್ನ ಅಂಗಿಯನ್ನೂ ಅವನೇ ಹೊಲಿದುಕೊಳ್ಳುತ್ತಿದ್ದ. ಅವನಷ್ಟು ನೆಟ್ಟಗೆ ಕಾಣುವವನು ಆ ಊರಲ್ಲಿ ಇನ್ನೊಬ್ಬನಿರಲಿಲ್ಲ.

ಅವನಿಗೆ ಒಬ್ಬಳೇ ಮಗಳು. ಅವಳು ಶಾಲೆಗೆ ಸೇರುವ ವರ್ಷ ಅವಳಿಗೆ ಸಮವಸ್ತ್ರ ಹೊಲಿದ. ತೊಡಿಸಿ ನೋಡಿದರೆ ಬಲ ಹೆಗಲು ಎಡಕ್ಕಿಂತ ಒಂದಿಷ್ಟು ಇಳಿದಿತ್ತು. ರೋಗವಲ್ಲ, ನಿಲ್ಲುವ ರೀತಿ. ವೈದ್ಯರ ಕಣ್ಣಿಗೆ ಬೀಳುವಂಥದ್ದಲ್ಲ. ದರ್ಜಿಯ ಕಣ್ಣಿಗೆ ಬಿತ್ತು. ಅವನು ಅಂಗಿಯನ್ನು ಬಿಚ್ಚಿಸಿಕೊಂಡು, ಬಲ ಹೆಗಲಿನ ಒಳಗೆ ಒಂದು ಪದರ ಇಟ್ಟು ಮತ್ತೆ ಹೊಲಿದ. ಮಗಳು ಅಂಗಡಿಯ ಕನ್ನಡಿಯ ಮುಂದೆ ನಿಂತು, “ಅಪ್ಪ, ಸರಿಯಾಗಿದೆಯಾ?” ಎಂದಳು. “ಕಡ್ಡಿಯ ಹಾಗೆ ನೆಟ್ಟಗಿದ್ದೀಯ,” ಎಂದ ದರ್ಜಿ.

ಅಲ್ಲಿಂದ ಮುಂದೆ ಅವಳ ಎಲ್ಲ ಬಟ್ಟೆಯಲ್ಲೂ ಆ ಪದರ ಇತ್ತು. ಅವಳಿಗೆ ಗೊತ್ತಿರಲಿಲ್ಲ. ಅವಳ ತಾಯಿಗೂ ಗೊತ್ತಿರಲಿಲ್ಲ.

ಮಗಳು ಬೆಳೆದಳು. ಸೈನ್ಯದ ಅಕಾಡೆಮಿಯ ಪರೀಕ್ಷೆ ಬರೆದಳು, ಗೆದ್ದಳು. ಊರಿನವರು ಅಂಗಡಿಗೆ ಬಂದು, “ಏನಪ್ಪಾ, ಮಗಳು ಬಂದೂಕು ಹಿಡೀತಾಳೋ, ಸಿಪಾಯಿಗಳ ಗುಂಡಿ ಹೊಲೀತಾಳೋ?” ಎಂದು ನಕ್ಕರು. ದರ್ಜಿಯೂ ನಕ್ಕ. ಅವಳ ಪೆಟ್ಟಿಗೆಗೆ ತಾನೇ ಹೊಲಿದ ಬಟ್ಟೆಗಳನ್ನು ತುಂಬಿ ರೈಲು ಹತ್ತಿಸಿದ. ರೈಲು ಹೋದ ಮೇಲೆ ಅವನ ಮನಸ್ಸಿಗೆ ಒಂದು ಸಂಗತಿ ಹೊಳೆಯಿತು. ಅಲ್ಲಿ ಸಮವಸ್ತ್ರ ಹೊಲಿಯುವ ದರ್ಜಿ ಬೇರೆಯವನು. ಅವನು ಎಲ್ಲರಿಗೂ ಒಂದೇ ತೆರನಾಗಿ ಹೊಲಿಯುತ್ತಾನೆ. ಪದರ ಇಡುವುದಿಲ್ಲ.

ಹಾಗೆಯೇ ಆಯಿತು. ಕೆಲವು ವಾರ ಕಳೆದು ಒಂದು ಭಾನುವಾರ ಮಗಳು ಫೋನ್ ಮಾಡಿದಳು. ಅವಳ ದನಿ ಒಡೆದಿತ್ತು.

“ಅಪ್ಪ, ಕವಾಯತು ಕಲಿಸುವ ಉಸ್ತಾದರು ದಿನಾ ನನ್ನನ್ನು ಸಾಲಿನಿಂದ ಆಚೆ ನಿಲ್ಲಿಸುತ್ತಾರೆ. ಎಲ್ಲರೆದುರಿಗೆ ನಿನ್ನ ಹೆಗಲು ವಕ್ರ ಅನ್ನುತ್ತಾರೆ. ನಾನು ಯಾವಾಗ ವಕ್ರ ಇದ್ದೆ? ಊರಲ್ಲಿ ಇದ್ದೆನೇ? ನೀನೇ ಹೇಳು.”

ಫೋನಿನಲ್ಲಿ ಮಾತಾಡಲು ಅವರಿಗೆ ಸಿಗುವುದು ಸ್ವಲ್ಪವೇ ಹೊತ್ತು. ಅಷ್ಟರಲ್ಲಿ ದರ್ಜಿ ನಿಜ ಹೇಳಬಹುದಿತ್ತು. ಮಗಳು ಅಳುತ್ತಿದ್ದಳು. ಅವನು ಹೇಳಲಿಲ್ಲ.

“ಇಲ್ಲವ್ವ,” ಎಂದ. “ನೀನು ಕಡ್ಡಿಯ ಹಾಗೆ ನೆಟ್ಟಗಿದ್ದೀಯ. ಅವರ ಕಣ್ಣೇ ಸರಿಯಿಲ್ಲ.”

“ಹಾಗಾದರೆ ಬಂದು ನನ್ನನ್ನು ಕರೆದುಕೊಂಡು ಹೋಗು,” ಎಂದಳು ಮಗಳು. ಫೋನು ನಿಂತಿತು.

ದರ್ಜಿ ಅದೇ ದಿನ ಹೊರಡಲು ಸಿದ್ಧನಾದ. ಆದರೆ ಅಕಾಡೆಮಿಯಲ್ಲಿ ಒಂದು ನಿಯಮವಿತ್ತು. ಮೊದಲ ಕೆಲವು ತಿಂಗಳು ಹೆತ್ತವರು ಹೋಗುವಂತಿಲ್ಲ. ಗೊತ್ತುಮಾಡಿದ ದಿನ ಬಂದಾಗಲೇ ಹೋಗಬೇಕು. ಅವನು ಕಾದ.

ಆ ತಿಂಗಳುಗಳಲ್ಲಿ ಅವನು ಹೇಗಿದ್ದ ಎಂದರೆ, ಅಂಗಡಿ ತೆರೆಯುತ್ತಿದ್ದ, ಹೊಲಿಯುತ್ತಿದ್ದ, ಮುಚ್ಚುತ್ತಿದ್ದ. ಯಾರಾದರೂ ಮಗಳ ಸುದ್ದಿ ಕೇಳಲು ಬಂದರೆ ಗುಂಡುಸೂಜಿಗಳನ್ನು ಬಾಯಲ್ಲಿ ಕಚ್ಚಿಕೊಳ್ಳುತ್ತಿದ್ದ. ಬಾಯಲ್ಲಿ ಸೂಜಿ ಇದ್ದವನನ್ನು ಯಾರೂ ಹೆಚ್ಚು ಮಾತಾಡಿಸುವುದಿಲ್ಲ. ಮಗಳು ಮತ್ತೆ ಫೋನ್ ಮಾಡಿದಾಗೆಲ್ಲ “ಚೆನ್ನಾಗಿದ್ದೇನೆ” ಎಂದಷ್ಟೇ ಹೇಳುತ್ತಿದ್ದಳು. ಅವನು ನಂಬುತ್ತಿರಲಿಲ್ಲ. ತನ್ನ ಹಾಗೆ ಅವಳೂ ಏನನ್ನೋ ಮುಚ್ಚಿ ಹೊಲಿಯುತ್ತಿದ್ದಾಳೆ ಎಂದುಕೊಳ್ಳುತ್ತಿದ್ದ. ಹೆಂಡತಿ, “ಅವಳೇ ಚೆನ್ನಾಗಿದ್ದೇನೆ ಅಂದಳಲ್ಲ, ನಿಮಗೇನಾಗಿದೆ?” ಎಂದರೆ ಅದಕ್ಕೂ ಬಾಯಲ್ಲಿ ಸೂಜಿ.

ಕಡೆಗೆ ಆ ದಿನ ಹತ್ತಿರ ಬಂತು. ದರ್ಜಿ ಒಳ್ಳೆಯ ನೀಲಿ ಬಟ್ಟೆ ತಂದು ಮಗಳಿಗೆ ಒಂದು ಜೊತೆ ಉಡುಪು ಹೊಲಿದ. ಅಕಾಡೆಮಿಯ ಬಟ್ಟೆ ಅಲ್ಲೇ ಕಳಚಿಟ್ಟು ಇದನ್ನು ತೊಟ್ಟು ಅವಳು ತನ್ನ ಜೊತೆ ಹೊರಗೆ ನಡೆದು ಬರಲಿ ಎಂಬುದು ಅವನ ಆಸೆ. ಅಳತೆ ಅವನ ಕೈಗೇ ಗೊತ್ತಿತ್ತು. ಬಲ ಹೆಗಲಿಗೆ ಈ ಸಲ ಒಂದು ಪದರ ಹೆಚ್ಚೇ ಇಟ್ಟ. ಅಷ್ಟು ಜನರೆದುರು ವಕ್ರ ಅನ್ನಿಸಿಕೊಂಡ ಮಗು, ಇನ್ನು ಯಾರೂ ಅನ್ನದಿರಲಿ ಎಂದು.

ಅಕಾಡೆಮಿಯ ಹೆಬ್ಬಾಗಿಲ ಒಳಗೆ ಹೆತ್ತವರನ್ನೆಲ್ಲ ಒಂದು ಮರದ ನೆರಳಿನಲ್ಲಿ ಕೂರಿಸಿದರು. ಸ್ವಲ್ಪ ಹೊತ್ತಿಗೆ ಮಕ್ಕಳು ಸಾಲಾಗಿ ಹೆಜ್ಜೆ ಹಾಕಿಕೊಂಡು ಬಂದರು. ಎಲ್ಲರದೂ ಒಂದೇ ಬಟ್ಟೆ, ಒಂದೇ ಟೋಪಿ, ಬಿಸಿಲಿಗೆ ಒಂದೇ ಬಣ್ಣಕ್ಕೆ ತಿರುಗಿದ ಮುಖ. ಬೇರೆ ತಂದೆ ತಾಯಿಯರು ಮುಖ ಹುಡುಕಿದರು. ದರ್ಜಿ ಹೆಗಲು ಹುಡುಕಿದ. ಇಳಿದ ಬಲ ಹೆಗಲು ಎಲ್ಲಿದೆ ಎಂದು ಸಾಲಿನ ಉದ್ದಕ್ಕೂ ನೋಡಿದ. ಮತ್ತೆ ನೋಡಿದ. ಅಂಥದ್ದೊಂದು ಆ ಸಾಲಿನಲ್ಲಿ ಇರಲಿಲ್ಲ. ನನ್ನ ಮಗಳನ್ನು ಕಳಿಸಿಲ್ಲ, ಏನೋ ಆಗಿದೆ ಎಂದು ಅವನು ಹೆದರಿದ.

ಇಲ್ಲಿ ಶಿಷ್ಯ ತಡೆಯಲಾರದೆ, “ಹೆತ್ತ ತಂದೆಗೆ ಮಗಳ ಗುರುತು ಸಿಗಲಿಲ್ಲವೇ?” ಎಂದು ಕೇಳಿದ.

“ನೀನು ಚೀಲವನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ಳಬೇಡ, ಯಾರೂ ಕದಿಯುವುದಿಲ್ಲ,” ಎಂದು ಗುರು ಕತೆ ಮುಂದುವರಿಸಿದ.

ಸಾಲಿನಿಂದ ಒಬ್ಬಳು ಬಂದು ದರ್ಜಿಯ ಎದುರು ನಿಂತು, “ಅಪ್ಪ,” ಎಂದಳು. ಅವನು ಮುಖ ನೋಡಿದ. ಮಗಳೇ. ಹೆಗಲು ನೋಡಿದ. ಎರಡೂ ಒಂದೇ ಸಮ.

ಅವನು ಬೇರೇನೂ ಮಾತಾಡದೆ, “ಬಟ್ಟೆ ತಂದಿದ್ದೇನೆ. ಹಾಕಿಕೊಂಡು ಬಾ. ಹೊರಡೋಣ,” ಎಂದ.

ಮಗಳು ತಂದೆಯ ಮುಖ ನೋಡಿ, ಬೇಡ ಎನ್ನಲಾರದೆ ಒಳಗೆ ಹೋದಳು. ನೀಲಿ ಬಟ್ಟೆ ತೊಟ್ಟು ಬಂದಳು. ಎಡ ಹೆಗಲು ಸರಿಯಾಗಿತ್ತು. ಬಲ ಹೆಗಲು ಕತ್ತಿನ ಕಡೆಗೆ ಎದ್ದು ನಿಂತಿತ್ತು. ಈಗ ಅವಳು ನಿಜವಾಗಿ ವಕ್ರವಾಗಿ ಕಾಣುತ್ತಿದ್ದಳು.

“ನಿನ್ನ ಕೈ ತಪ್ಪಿದೆ ಕಣಪ್ಪ!” ಎಂದು ಅವಳು ನಕ್ಕಳು. ಹುಟ್ಟಿದಂದಿನಿಂದ ಅವಳು ತಂದೆಯ ಹೊಲಿಗೆಯಲ್ಲಿ ತಪ್ಪು ಕಂಡವಳಲ್ಲ. ನಗುತ್ತಲೇ ಬೆರಳಿನಿಂದ ಹೆಗಲನ್ನು ಒತ್ತಿ ನೋಡಿದಳು. ಒಳಗಿನ ಪದರ ಕೈಗೆ ಸಿಕ್ಕಿತು. ನಗು ನಿಂತಿತು.

“ಇದು ಎಲ್ಲ ಬಟ್ಟೆಯಲ್ಲೂ ಇತ್ತೇ?”

“ಇತ್ತು,” ಎಂದ ದರ್ಜಿ.

“ಅಂದರೆ ಉಸ್ತಾದರು ಹೇಳಿದ್ದು ನಿಜ.”

“ನಿಜ.”

ಮಗಳು ಮರದ ಕೆಳಗಿನ ಬೆಂಚಿನ ಮೇಲೆ ಅವನ ಪಕ್ಕ ಕೂತಳು. ಆಮೇಲೆ ಹೇಳಿದಳು. “ನೀನು ಅವರ ಕಣ್ಣು ಸರಿಯಿಲ್ಲ ಅಂದೆ. ನಾನು ನಂಬಿದೆ. ಅವರದು ತಪ್ಪು ಎಂದು ತೋರಿಸಬೇಕೆಂದು ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತೆ. ಕನ್ನಡಿಯೂ ಅವರ ಪಕ್ಷ ಸೇರಿತು. ಮೊದಲು ಕನ್ನಡಿಯ ಮೇಲೂ ಸಿಟ್ಟು ಬಂತು. ಆಮೇಲೆ ಅದು ಹೇಳಿದ ಹಾಗೆ ನಿಂತೆ. ಬೆನ್ನೆಲ್ಲ ನೋಯುತ್ತಿತ್ತು. ಈಗ ನೋಯುವುದಿಲ್ಲ.”

“ಬಂದು ಕರೆದುಕೊಂಡು ಹೋಗು ಅಂದಿದ್ದೆಯಲ್ಲವ್ವ,” ಎಂದ ದರ್ಜಿ.

“ಅಂದಿದ್ದೆ. ಆ ವಾರ ನೀನು ಬಂದಿದ್ದರೆ ಬಂದುಬಿಡುತ್ತಿದ್ದೆ. ಆ ಬಟ್ಟೆ ತೊಟ್ಟು, ನೆಟ್ಟಗಿದ್ದೇನೆ ಎಂದುಕೊಂಡು, ಬದುಕಿಡೀ ಹಾಗೇ ಇರುತ್ತಿದ್ದೆ.”

ದರ್ಜಿಯ ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ಕತ್ತರಿ ಇರುತ್ತಿತ್ತು. ಅದನ್ನು ತೆಗೆದ. ಮಗಳು ಹೆಗಲು ಕೊಟ್ಟಳು. ಅವನು ತಾನೇ ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿ ಪದರವನ್ನು ಹೊರಗೆಳೆದ. ಬಟ್ಟೆ ಮೆಲ್ಲಗೆ ಇಳಿದು ಅವಳ ಹೆಗಲ ಮೇಲೆ ಕೂತಿತು. ಸರಿಯಾಗಿ ಕೂತಿತು.

ಸಂಜೆಯ ಕಹಳೆ ಮೊಳಗಿತು. ಮಗಳು ಒಳಗೆ ಹೋಗಿ ಅಕಾಡೆಮಿಯ ಬಟ್ಟೆ ತೊಟ್ಟು ಬಂದಳು. ನೀಲಿ ಬಟ್ಟೆಯನ್ನು ಮಡಿಚಿ, “ರಜೆಗೆ ಬಂದಾಗ ಹಾಕಿಕೊಳ್ಳುತ್ತೇನೆ, ಮನೆಯಲ್ಲಿಡು,” ಎಂದು ತಂದೆಯ ಕೈಗೆ ಕೊಟ್ಟಳು. ಹೊರಡುವ ಮೊದಲು ಒಂದು ಕೈಯನ್ನು ಅವನ ಬಲ ಹೆಗಲ ಮೇಲೆ ಇಟ್ಟಳು. ಅವಳ ಬೆರಳುಗಳು ಅಲ್ಲಿ ಒಂದು ಕ್ಷಣ ನಿಂತವು. ಅವಳು ತಂದೆಯ ಮುಖ ನೋಡಿದಳು. ಸಾಲಿಗೆ ಹೋಗಿ ಸೇರಿಕೊಂಡಳು. ಸಾಲು ನಡೆಯಿತು. ಹಿಂದಿನಿಂದ ನೋಡಿದರೆ ಯಾವುದು ಅವಳ ಬೆನ್ನು ಎಂದು ದರ್ಜಿಗೆ ಗೊತ್ತಾಗಲಿಲ್ಲ.

ಗುರು ಕತೆ ನಿಲ್ಲಿಸಿದ. ಚಹಾದ ಲೋಟದ ತಳದಲ್ಲಿ ಉಳಿದದ್ದನ್ನು ಕುಡಿದ.

ಶಿಷ್ಯ, “ಹಾಗಾದರೆ ನಾನು ಹೋಗಬಾರದೇ?” ಎಂದ.

“ನಾನೆಲ್ಲಿ ಹಾಗಂದೆ? ಮಗ ಕರೆದರೆ ಓಡಿ ಹೋಗು. ಅವನು ಕರೆದಿದ್ದಾನೆಯೇ?”

ಶಿಷ್ಯ ಚೀಲ ನೋಡಿದ. ಆಮೇಲೆ, “ಒಂದು ಮಾತು ತಿಳಿಯಲಿಲ್ಲ ಗುರುಗಳೇ. ಮಗಳ ಬೆರಳು ತಂದೆಯ ಹೆಗಲ ಮೇಲೆ ಯಾಕೆ ನಿಂತವು?” ಎಂದು ಕೇಳಿದ.

“ಮಗು ನಿಲ್ಲುವುದನ್ನು ಕಲಿಯುವುದು ಹೆತ್ತವರನ್ನು ನೋಡಿ,” ಎಂದ ಗುರು, “ದರ್ಜಿ ತನ್ನ ಅಂಗಿಯ ಪದರವನ್ನು ಇನ್ನೂ ಬಿಚ್ಚಿರಲಿಲ್ಲ.”

ಶಿಷ್ಯನ ಕೈ ತಾನಾಗಿ ತನ್ನ ಹೆಗಲಿಗೆ ಹೋಯಿತು. ಎದುರಿನ ನಿಲ್ದಾಣಕ್ಕೆ ಬಸ್ಸು ಬಂತು. ಕಂಡಕ್ಟರ್ ಊರಿನ ಹೆಸರು ಕೂಗಿದ, ಕಾದ, ಸೀಟಿ ಊದಿದ. ಬಸ್ಸು ಹೋಯಿತು. ಶಿಷ್ಯ ಏಳಲಿಲ್ಲ.

“ಬಸ್ಸಿನ ಚಾರ್ಜು ಉಳಿಯಿತಲ್ಲ,” ಎಂದ ಗುರು. “ನನ್ನ ಚಹಾದ ದುಡ್ಡು ನೀನೇ ಕೊಟ್ಟುಬಿಡು.”